ಬಣ್ಣ ಕಡು, ಖಾರ ಕಡಿಮೆ

1964ರಲ್ಲಿ ಫ್ಯಾಂಟಮ್‌ನ ಕಾಡಿನಿಂದ ಶುರುವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ಸರಣಿ ಕಾಡು ಬಿಟ್ಟು ಶಹರಕ್ಕೆ ಕಾಲಿಟ್ಟದ್ದು ರಿಪ್ ಕರ್ಬಿಯಂಥವರ ಜೊತೆ. ಅಲೆಕ್ಸ್ ರೇಮಂಡ್ 1946ರಲ್ಲಿ ಅಮೆರಿಕದ ದಿನಪತ್ರಿಕೆಗಳಿಗಾಗಿ ರೂಪಿಸಿದ ಈ ಪತ್ತೇದಾರನಿಗೆ ಕನ್ನಡಕ, ಬಾಯಲ್ಲಿ ಪೈಪು. ಹೊಡೆದಾಟಕ್ಕಿಂತ ತಲೆ ಓಡಿಸುವುದೇ ಇಷ್ಟ. ಮನೆಯಾಳು ಡೆಸ್ಮಂಡ್ ಹಳೆಯ ಕಳ್ಳ. ನಿಜಕ್ಕೂ ಕುತೂಹಲ ಹುಟ್ಟಿಸುವ ಪಾತ್ರ ಅವನದೇ.

ರೇಮಂಡ್‌ನ ಗೆರೆಗೆ ಸಾಟಿಯಿಲ್ಲ. ಕಿಟಕಿಯ ಬೆಳಕು, ಕೋಟಿನ ಮಡಿಕೆ ಕುಂಚದ ಒಂದೆರಡು ಎಳೆಯಲ್ಲೇ ಮೂಡುತ್ತವೆ. ಆದರೆ ಅಪರಾಧ ಅಲ್ಲಿ ಸಭ್ಯರ ದಿವಾನಖಾನೆಗೆ ನುಗ್ಗಿದ ಅತಿಥಿ. ಕೊನೆಯ ಪುಟಕ್ಕೆ ಹೊರಬೀಳುತ್ತದೆ, ಶಹರ ಇದ್ದ ಹಾಗೇ ಇರುತ್ತದೆ. ಬ್ಯಾಡಗಿ ಮೆಣಸಿನಕಾಯಿಯಂತೆ ಬಣ್ಣ ಕಡು, ಖಾರ ಕಡಿಮೆ. ಅಡುಗೆಯಲ್ಲಿ ಅದು ಗುಣ, ಇಂಥ ಕಥೆಯಲ್ಲಿ ದೋಷ.

ಕನ್ನಡಕ್ಕೆ ಖಾರ ಬಂದದ್ದು ಚಿತ್ರವಿಲ್ಲದ ಪುಟಗಳಿಂದ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಅಪಾರ ಓದುಗರನ್ನು ಗೆದ್ದರೂ ಮೂಲತಃ ಒಗಟು ಬಿಡಿಸುವವನೇ. 1995ರಲ್ಲಿ ರವಿ ಬೆಳಗೆರೆ ‘ಹಾಯ್ ಬೆಂಗಳೂರ್!’ ಆರಂಭಿಸಿದ ಮೇಲೆ, ಅಗ್ನಿ ಶ್ರೀಧರ್ ‘ದಾದಾಗಿರಿಯ ದಿನಗಳು’ ಬರೆದ ಮೇಲೆ ಭೂಗತ ಲೋಕಕ್ಕೆ ಓಣಿಯ ವಿಳಾಸ ಸಿಕ್ಕಿತು. ಬೆಳಗೆರೆ ಭೀಮಾ ತೀರಕ್ಕೂ ಹೋದರು. ನಡುವಿನ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮಾತ್ರ ಹುಬ್ಬಳ್ಳಿ–ಬೆಂಗಳೂರು ರೈಲಿನ ನಿಲ್ದಾಣಗಳಾಗಿಯೇ ಉಳಿದವು.

ಸರಕಿಲ್ಲದೆಯೇ? 2024ರ ಮಾರ್ಚ್ 11ರಂದು ದರ ದಿಢೀರ್ ಕುಸಿದಾಗ ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟು ಸಿಡಿದು ವಾಹನಗಳು ಹೊತ್ತಿ ಉರಿದವು. ಕರ್ಬಿಯಾಗಿದ್ದರೆ ಬೆಂಕಿ ಹಚ್ಚಿದವನನ್ನು ಹಿಡಿದು ಕಥೆ ಮುಗಿಸುತ್ತಿದ್ದ. ಒಳ್ಳೆಯ ಲೇಖಕ ಅಲ್ಲಿಂದ ಹಿಂದಕ್ಕೆ ನಡೆಯುತ್ತಾನೆ: ಖರೀದಿದಾರ, ದಲಾಲ, ಕೋಲ್ಡ್ ಸ್ಟೋರೇಜ್, ರೈತನ ಸಾಲ. ಅಪರಾಧಿ ಯಾರು ಎಂಬ ಪ್ರಶ್ನೆ ಕಗ್ಗಂಟಾಗುವುದು ಆಗಲೇ.

ಫ್ರಾಂಕ್ ಮಿಲ್ಲರ್ 1991ರಲ್ಲಿ ಆರಂಭಿಸಿದ ‘ಸಿನ್ ಸಿಟಿ’ಯ ಕಪ್ಪು-ಬಿಳುಪಿನಲ್ಲಿ ಎಲ್ಲೋ ಒಮ್ಮೆ ಒಂದೇ ಬಣ್ಣ ಚಿಮ್ಮುತ್ತದೆ. ಆ ತಂತ್ರ ಬ್ಯಾಡಗಿಯ ಕೆಂಪಿಗೆ ಹೇಳಿ ಮಾಡಿಸಿದಂತಿದೆ. ಅವನ ಗತ್ತನ್ನು ಮಾತ್ರ ಎರವಲು ತರಬಾರದು. ಅಲ್ಲಿ ಮಳೆ, ರಕ್ತ, ಠೀವಿ ಯಥೇಚ್ಛ, ದುಡ್ಡಿನ ಲೆಕ್ಕ ಅಷ್ಟಕ್ಕಷ್ಟೆ. ಬಿತ್ತನೆ ಬೀಜದ ವ್ಯಾಪಾರಕ್ಕೆ ಹೆಸರಾದ ರಾಣೆಬೆನ್ನೂರನ್ನು ಬರೆಯುವವನಿಗೆ ಬೇಕಾದದ್ದು ಆ ಲೆಕ್ಕವೇ. ಹಾವೇರಿಗಂತೂ ಬೇರೆಯದೇ ಸಂಚಿಕೆ ಬೇಕು: 2008ರ ಜೂನ್ 10ರಂದು ಅಲ್ಲಿ ಪೊಲೀಸರು ಗುಂಡು ಹಾರಿಸಿದ್ದು ಗೊಬ್ಬರ ಕೇಳಲು ಬಂದ ರೈತರ ಮೇಲೆ.