ಬಂದರಿಗೆ ಇಳಿಯದ ಪ್ರವಾಸಿ

ನಂದಿದುರ್ಗ ಎಂದ ಕೂಡಲೇ ಹೊರಗಿನವರಿಗೆ ಚಿಕ್ಕಬಳ್ಳಾಪುರದ ಕಡೆಯ ಬೆಟ್ಟ ನೆನಪಾಗುತ್ತದೆ. ನಮ್ಮ ನಂದಿದುರ್ಗ ಕೋಲಾರ ಚಿನ್ನದ ಗಣಿಯದು. ಇಲ್ಲಿ ಬೆಟ್ಟವಿಲ್ಲ. ಇರುವುದು ಗಣಿಯ ಹೊಟ್ಟೆಯಿಂದ ಬಂದು ರಾಶಿ ಬಿದ್ದ ಸೈನೈಡ್ ಗುಡ್ಡಗಳು, ಮುಚ್ಚಿದ ಶಾಫ್ಟುಗಳು, ಸಾಲು ಹಿಡಿದ ಲೈನು ಮನೆಗಳು. ಯೂರೋಪಿನ ಪ್ರವಾಸ ಕಥನವೊಂದರ ಬಗ್ಗೆ ಬರೆಯಲು ಹೊರಟು ಇದನ್ನೇಕೆ ಹೇಳುತ್ತಿದ್ದೇನೆ ಎಂದರೆ, ನಾನು ಆ ಪುಸ್ತಕವನ್ನು ಓದಿದ್ದು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ನಿದ್ದೆಗಣ್ಣಿನ ದುಡಿಮೆಗಾರರ ನಡುವೆ ಕೂತು. ಎಲ್ಲಿ ಕೂತು ಓದಿದೆವು ಎಂಬುದೂ ಓದಿನ ಒಂದು ಭಾಗವೇ.

ಲೇಖಕರ ಹೆಸರು ಬೇಡ. ನಿವೃತ್ತರು, ಸಜ್ಜನರು, ನನಗಿಂತ ಹಿರಿಯರು. ಪ್ರವಾಸ ಕಂಪನಿಯ ಬಸ್ಸಿನಲ್ಲಿ ಹದಿನಾಲ್ಕು ದಿನ ಬಾರ್ಸಿಲೋನಾ, ಮಾರ್ಸೇಲ್ಸ್, ಜಿನೋವಾ, ನೇಪಲ್ಸ್, ವೆನಿಸ್ ಸುತ್ತಿ ಬಂದು, ತಮ್ಮ ಖರ್ಚಿನಲ್ಲೇ ಪುಸ್ತಕ ಅಚ್ಚು ಹಾಕಿಸಿ, ಪ್ರತಿ ಕಳಿಸಿ ಅಭಿಪ್ರಾಯ ಕೇಳಿದರು. 'ಓದಿದೆ, ಸಂತೋಷವಾಯಿತು' ಎಂದು ಕಾರ್ಡು ಬರೆದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಐದೂ ಸಮುದ್ರ ತೀರದ ಊರುಗಳು. ಆದರೆ ಪುಸ್ತಕದಲ್ಲಿ ಸಮುದ್ರಕ್ಕೆ ಕೆಲಸವಿಲ್ಲ. ಅದು ಹೋಟೆಲಿನ ಕಿಟಕಿಯಾಚೆ ನೀಲಿಯಾಗಿ ಬಿದ್ದುಕೊಂಡಿರುತ್ತದೆ, ಅಷ್ಟೆ. ಮಾರ್ಸೇಲ್ಸನ್ನು ಗುಡ್ಡದ ಮೇಲಿನ ಇಗರ್ಜಿಯಿಂದ ನೋಡಿದ್ದಾರೆ, ಬಾರ್ಸಿಲೋನಾವನ್ನು ಮೇಲ್ಮಹಡಿ ತೆರೆದ ಬಸ್ಸಿನಿಂದ. ನೇಪಲ್ಸಿನಲ್ಲಿ ಜೇಬಿನ ಮೇಲೆ ಕೈಯಿಟ್ಟುಕೊಂಡೇ ನಡೆದಿದ್ದಾರೆ. ಸಸ್ಯಾಹಾರದ ಪರದಾಟಕ್ಕೆ ಆರು ಪುಟ. ಇದು ಇವರೊಬ್ಬರ ದೋಷವಲ್ಲ. ಸುಮಾರು ನಲವತ್ತು ವರ್ಷಗಳಿಂದ ನಾನು ಓದುತ್ತ ಬಂದ ಇಂಥ ಹಲವು ಪುಸ್ತಕಗಳು ಒಂದೇ ಅಚ್ಚಿನ ಬೆಲ್ಲದಂತಿವೆ: ವಿಮಾನ ನಿಲ್ದಾಣ, ಗೈಡು ಹೇಳಿದ ಇಸವಿಗಳು, ಅವರ ಶುಚಿತ್ವ, ನಮ್ಮ ಕೊಳಕು.

ಹಿಂದೆ ಹಡಗಿನಲ್ಲಿ ಹೋದವರಿಗೆ ಈ ಊರುಗಳು ಬೇರೆ ರೀತಿಯಲ್ಲಿ ಎದುರಾಗುತ್ತಿದ್ದವು. ವಾರಗಟ್ಟಲೆ ನೀರು ನೋಡಿ ದಣಿದ ಕಣ್ಣಿಗೆ ಮೊದಲು ಕಾಣುತ್ತಿದ್ದದ್ದು ದೀಪಸ್ತಂಭ, ಆಮೇಲೆ ಹಡಗುಕಟ್ಟೆ, ಹೊರೆಯಾಳುಗಳು, ಕಡೆಗೆ ಊರು. ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ಆ ಕಾಲದಲ್ಲಿ. ಅವರ 'ಸಮುದ್ರಗೀತೆಗಳು' 1940ರಲ್ಲಿ ಬಂತು. ಕನ್ನಡದಲ್ಲಿ ಮುಕ್ತಛಂದಕ್ಕೆ ದಾರಿ ಮಾಡಿದ ಪುಸ್ತಕಗಳಲ್ಲಿ ಅದೂ ಒಂದು. ಕಡಲು ಕವಿಯ ಲಯವನ್ನೇ ಕದಲಿಸಿತು ಎಂದು ನನ್ನ ಊಹೆ. ವಿಮಾನ ನಮ್ಮವರ ವಾಕ್ಯವನ್ನು ಕದಲಿಸಿದ ಉದಾಹರಣೆ ನನಗಿನ್ನೂ ಸಿಕ್ಕಿಲ್ಲ. ಹಾಗೆಂದು ಹಡಗಿನ ಕಾಲಕ್ಕೆ ಹಾರ ಹಾಕಬೇಕಾಗಿಲ್ಲ. ಅದೇ ಕಡಲಿನ ಮೇಲೆಯೇ ಮೊದಲ ದಶಕಗಳಲ್ಲಿ ನಮ್ಮ ಗಣಿಯ ಚಿನ್ನವೂ ಲಂಡನ್ನಿಗೆ ಹೋಯಿತು. ಆ ಚಿನ್ನ ಯಾವ ಪ್ರವಾಸ ಕಥನವನ್ನೂ ಬರೆಯಲಿಲ್ಲ.

ಪುಸ್ತಕದಲ್ಲಿ ನಿಜವಾಗಿ ಒಳ್ಳೆಯ ಪುಟಗಳಿರುವುದು ಜಿನೋವಾದ ಅಧ್ಯಾಯದಲ್ಲಿ. ಅಲ್ಲಿ ಲೇಖಕರ ಪತ್ನಿಗೆ ತಲೆಸುತ್ತು ಬಂದು, ಬಸ್ಸು ಮುಂದೆ ಹೋಗಿ, ಗಂಡ ಹೆಂಡತಿ ಹಳೆಯ ಬಂದರಿನ ಇಕ್ಕಟ್ಟು ಗಲ್ಲಿಯ ಒಂದು ಔಷಧದ ಅಂಗಡಿಯಲ್ಲಿ ಮೂರು ಗಂಟೆ ಕೂರುತ್ತಾರೆ. ಅಂಗಡಿಯಾಕೆ ಕುರ್ಚಿ ಕೊಡುತ್ತಾಳೆ. ಈಕ್ವೆಡಾರ್ ದೇಶದ ಹುಡುಗನೊಬ್ಬ ಚೀಲ ಹೊತ್ತು ಟ್ಯಾಕ್ಸಿ ಹುಡುಕಿ ಕೊಡುತ್ತಾನೆ. ಇಲ್ಲಿ ಭಾಷೆಗೆ ತಟ್ಟನೆ ಜೀವ ಬರುತ್ತದೆ. 'ಇವಳ ಅಂಗೈ ತಣ್ಣಗಿತ್ತು' ಎನ್ನುವ ಮಾತಿಗೆ ಇಡೀ ವೆನಿಸ್ ಅಧ್ಯಾಯವನ್ನು ಕೊಟ್ಟುಬಿಡಬಹುದು. ಆದರೆ ಆ ಹುಡುಗ ಅಲ್ಲಿಗೆ ಹೇಗೆ ಬಂದ? ಒಂದು ಕಾಲಕ್ಕೆ ಇದೇ ಬಂದರಿನಿಂದ ಬಡ ಇಟಾಲಿಯನ್ನರು ಗಂಟು ಮೂಟೆ ಕಟ್ಟಿ ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತುತ್ತಿದ್ದರು. ಈಗ ಅದೇ ಖಂಡದಿಂದ ಜನ ಇಲ್ಲಿಗೆ ದುಡಿಯಲು ಬಂದಿದ್ದಾರೆ. ಕಥೆ ತಾನಾಗಿಯೇ ಚೀಲ ಹೊತ್ತು ಬಂದು ನಿಂತಿತ್ತು. ಲೇಖಕರು ಅದಕ್ಕೆ ಐದು ಯೂರೋ ಕೊಟ್ಟು ಕಳಿಸಿದರು.

ಗಣಿಯ ಮೊದಲ ಕಾಲದಲ್ಲಿ ಕಾರ್ನ್‌ವಾಲಿನವರ ಜೊತೆ ಇಟಲಿಯ ಗಣಿಗಾರರೂ ನಮ್ಮಲ್ಲಿಗೆ ಬಂದಿದ್ದರು. ಹೊಟ್ಟೆಪಾಡಿಗೆ ಕಡಲು ದಾಟುವುದು ಏನೆಂದು ಈ ಊರಿಗೆ ಗೊತ್ತು. ಆದ್ದರಿಂದಲೇ ಆ ಹುಡುಗನ ಹೆಸರು ಕೇಳಬೇಕಿತ್ತು ಎಂದು ನನ್ನ ಹಠ.

ವೆನಿಸ್ ಅಧ್ಯಾಯದಲ್ಲಿ ಗೊಂಡೊಲ ದೋಣಿ, ಪಾರಿವಾಳ, ಗಾಜಿನ ಕಾರ್ಖಾನೆ ಎಲ್ಲ ಇವೆ. ಇಲ್ಲದಿರುವುದು ವೆನಿಸ್‌ನವರು. 1951ರಲ್ಲಿ ಆ ಹಳೆಯ ದ್ವೀಪನಗರದಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು; 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ದೊಡ್ಡ ವಿಹಾರದ ಹಡಗುಗಳು ನಡುಗಾಲುವೆಗೆ ಬಾರದಂತೆ 2021ರಲ್ಲಿ ತಡೆದರು. 2024ರಲ್ಲಿ, ಜನಜಂಗುಳಿಯ ದಿನಗಳಲ್ಲಿ ಬಂದು ಸಂಜೆಗೇ ಹಿಂತಿರುಗುವವರಿಗೆ ಐದು ಯೂರೋ ಪ್ರವೇಶ ಶುಲ್ಕ ಹಾಕಿದರು. ಅದೇ ವರ್ಷ ಬಾರ್ಸಿಲೋನಾದ ಜನ ಊಟಕ್ಕೆ ಕೂತ ಪ್ರವಾಸಿಗಳ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಚಿಮುಕಿಸಿದರು. ಬಾಡಿಗೆ ಏರಿ ಊರಿನವರೇ ಊರು ಬಿಡಬೇಕಾಗಿ ಬಂದ ಸಿಟ್ಟು ಅದು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಖಾಲಿಯಾಗುತ್ತ ಬಂದ ಊರಿನವನಿಗೆ ಇದು ದೂರದ ಸುದ್ದಿಯಲ್ಲ. ಅಲ್ಲಿ ನೋಡುವವರು ಹೆಚ್ಚಾಗಿ ಜನ ಹೋದರು. ಇಲ್ಲಿ ಜನ ಹೋದ ಮೇಲೆ, 2018ರ ಸಿನಿಮಾದ ದೆಸೆಯಿಂದ, ನೋಡುವವರು ಬಂದರು. ಸೈನೈಡ್ ಗುಡ್ಡದ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಗಾಳಿ ಬೀಸಿದಾಗ ಅದೇ ಧೂಳು ನಮ್ಮ ನೀರಿನ ಕೊಡದೊಳಗೆ ಬೀಳುತ್ತದೆಂದು ಯಾರ ಫೋಟೋದಲ್ಲೂ ಕಾಣುವುದಿಲ್ಲ.

ನನ್ನನ್ನೇನಾದರೂ ಯಾರಾದರೂ ಆ ಕಡಲಿಗೆ ಕಳಿಸಿದರೆ, ನಾನು ಮೊದಲು ಹೋಗುವುದು ಇಟಲಿಯ ಸಾರ್ಡಿನಿಯಾ ದ್ವೀಪದ ಪಶ್ಚಿಮ ತೀರಕ್ಕೆ. ಸೀಸ ಮತ್ತು ಸತುವಿನ ಗಣಿಗಳ ತೀರ ಅದು. ಅಲ್ಲಿ ಕೂಲಿಗಳು ಅದಿರನ್ನು ಬುಟ್ಟಿಯಲ್ಲಿ ಹೊತ್ತು ಹಾಯಿದೋಣಿಗೆ ತುಂಬುತ್ತಿದ್ದರು. 1924ರ ಹೊತ್ತಿಗೆ ಪೋರ್ಟೊ ಫ್ಲಾವಿಯಾ ಎಂಬಲ್ಲಿ ಕಡಲಂಚಿನ ಬಂಡೆಯನ್ನೇ ಕೊರೆದು, ಸುರಂಗದ ಬಾಯಿಂದ ಅದಿರು ನೇರವಾಗಿ ಹಡಗಿಗೆ ಸುರಿಯುವಂತೆ ಮಾಡಿದರು. ಹತ್ತಿರದ ಬುಜ್ಜೆರ್ರು ಎಂಬ ಗಣಿಯೂರಿನಲ್ಲಿ, ಮಧ್ಯಾಹ್ನದ ವಿರಾಮವನ್ನು ಒಂದು ಗಂಟೆ ಕಡಿತ ಮಾಡಿದ್ದಕ್ಕೆ ಕೆಲಸ ನಿಲ್ಲಿಸಿದ ಕಾರ್ಮಿಕರ ಮೇಲೆ 1904ರ ಸೆಪ್ಟೆಂಬರ್ 4ರಂದು ಸೈನಿಕರು ಗುಂಡು ಹಾರಿಸಿದರು. ಸತ್ತವರ ಸುದ್ದಿ ಹರಡಿ ಇಡೀ ಇಟಲಿ ಮೊದಲ ಸಾರ್ವತ್ರಿಕ ಮುಷ್ಕರ ಹೂಡಿತು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಸತ್ತ ಕಾರ್ಮಿಕರನ್ನು ನೆನೆಯುವ ನಮ್ಮ ಜನರಿಗೆ ಆ ಊರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಹೆಸರು ಹೇಳಿದರೆ ಸಾಕು. ನಾನು ಓದಿದ ಯಾವ ಕನ್ನಡ ಪ್ರವಾಸ ಕಥನದಲ್ಲೂ ಆ ಹೆಸರಿಲ್ಲ.

ಮೊನ್ನೆ ಲೇಖಕರು ಫೋನು ಮಾಡಿದ್ದರು. ಪುಸ್ತಕ ಎರಡನೆಯ ಮುದ್ರಣಕ್ಕೆ ಹೋಗುತ್ತಿದೆಯಂತೆ. ಮುಂದಿನ ತಿಂಗಳು ಮನೆಯವರ ಜೊತೆ ಕಾರಿನಲ್ಲಿ ಬಂದು ನಮ್ಮ ಗುಡ್ಡ ನೋಡಿಕೊಂಡು ಸಂಜೆಗೆ ಹೊರಡುತ್ತಾರಂತೆ. "ಕಾರು ಬೇಡ ಸಾರ್, ರೈಲಿನಲ್ಲಿ ಬನ್ನಿ, ರಾತ್ರಿ ನಮ್ಮ ಮನೆಯಲ್ಲೇ ಉಳಿದುಕೊಳ್ಳಿ" ಎಂದೆ. ಬೆಳಗಿನ ರೈಲಿಗೆ ಮಾರಿಕುಪ್ಪಂನಲ್ಲೇ ಹತ್ತಬೇಕು. ಬಂಗಾರಪೇಟೆಯಲ್ಲಿ ಹತ್ತಿದರೆ ಕೂರುವುದಕ್ಕೆ ಜಾಗ ಸಿಗುವುದಿಲ್ಲ, ಅಮ್ಮನವರಿಗೆ ತಲೆಸುತ್ತು ಬೇರೆ.