ಅಡುಗೆಮನೆಯ ಹೆಂಗಸಿಗೆ ಆಸ್ಕರ್

ಅಮೆರಿಕದ ಸಿನಿಮಾ ಎಂದೊಡನೆ ಕಣ್ಣಿಗೆ ಕಟ್ಟುವುದು ಚೆಲುವೆಯರ ಸಾಲು. ಆ ಸಾಲಿನಲ್ಲಿ ಶೆರ್ಲಿ ಬೂತ್ ಇಲ್ಲ. 1898ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರು 1925ರಲ್ಲಿ ಬ್ರಾಡ್‌ವೇ ರಂಗಭೂಮಿಗೆ ಬಂದರು. ಮೊದಲ ಚಿತ್ರ 'ಕಮ್ ಬ್ಯಾಕ್, ಲಿಟಲ್ ಶೀಬಾ' ತೆರೆಕಂಡ 1952ರಲ್ಲಿ ಅವರಿಗೆ 54 ವರ್ಷ. ಆ ಪಾತ್ರಕ್ಕೇ ಆಸ್ಕರ್ ಬಂತು. ವಿಲಿಯಂ ಇಂಜ್ ಬರೆದ ಮೂಲನಾಟಕದ ಅದೇ ಪಾತ್ರಕ್ಕೆ 1950ರಲ್ಲಿ ಟೋನಿ ಪ್ರಶಸ್ತಿಯೂ ಬಂದಿತ್ತು.

ಪಾತ್ರವಾದರೂ ಎಂಥದ್ದು? ಲೋಲಾ ಎಂಬ ಗೃಹಿಣಿ. ಹೊತ್ತೇರಿದರೂ ತಲೆ ಬಾಚದವಳು, ಮನೆ ಒಪ್ಪ ಮಾಡದವಳು. ಮದುವೆಗೆ ಮೊದಲೇ ಬಸಿರಾಗಿ ಅವಸರದಲ್ಲಿ ಮದುವೆಯಾದಳು, ಮಗು ಉಳಿಯಲಿಲ್ಲ. ಅವಳಿಗಾಗಿ ವೈದ್ಯನಾಗುವ ಓದು ಬಿಟ್ಟ ಗಂಡ ಕುಡಿತಕ್ಕೆ ಬಿದ್ದು, ಈಚೆಗೆ ಅದನ್ನು ಬಿಟ್ಟಿದ್ದಾನೆ. ಕಳೆದುಹೋದ ನಾಯಿ ಶೀಬಾಳನ್ನು ಲೋಲಾ ಬಾಗಿಲಿಗೆ ಬಂದು ಕೂಗುತ್ತಾಳೆ. ಹಾಲಿನವನು, ಅಂಚೆಯವನು ಬಂದರೆ ಬಿಡದೆ ಮಾತಿಗೆಳೆಯುತ್ತಾಳೆ. ಇಂಥವಳನ್ನು ಕಂಡು ನಗಬಹುದು, ಇಲ್ಲವೇ ಅಯ್ಯೋ ಪಾಪ ಎನ್ನಬಹುದು. ಬೂತ್ ಎರಡಕ್ಕೂ ಅವಕಾಶ ಕೊಡುವುದಿಲ್ಲ. ಆ ಎಳಸು ದನಿಯ ಹರಟೆಯಲ್ಲಿ ಒಂಟಿತನವಿದೆ, ಗೋಗರೆತವಿಲ್ಲ. ಗಂಡ ಮತ್ತೆ ಕುಡಿದು ಕೊಲ್ಲಲು ಬಂದ ಮೇಲೆ ಅವಳು ತವರಿಗೆ ಫೋನ್ ಮಾಡಿ, ಬರಲೇ ಎಂದು ಕೇಳುತ್ತಾಳೆ. ಅಪ್ಪನ ಸಿಟ್ಟು ಇಳಿದಿಲ್ಲ. ತವರಿನ ಬಾಗಿಲು ಮುಚ್ಚುವುದೆಂದರೇನು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಆಸ್ಪತ್ರೆಯಿಂದ ಮರಳಿದ ಗಂಡನಿಗೆ ಲೋಲಾ ತಿಂಡಿ ಮಾಡಿಕೊಡುತ್ತಾಳೆ. ಇಲ್ಲಿ ನಾಟಕಕಾರನೊಡನೆ ನನ್ನದೊಂದು ಜಗಳವಿದೆ: ಕ್ಷಮಿಸುವ ಕೆಲಸ ಯಾವಾಗಲೂ ಹೆಂಡತಿಯ ಪಾಲಿಗೇ ಏಕೆ? ಆದರೆ ಬೂತ್ ಅದನ್ನು ತ್ಯಾಗವೆಂಬಂತೆ ಅಭಿನಯಿಸಿಲ್ಲ. ಇನ್ನು ಶೀಬಾಳನ್ನು ಕರೆಯುವುದಿಲ್ಲ ಎನ್ನುವಾಗ ನಮಗೆ ಕಾಣುವುದು ಪತಿವ್ರತೆಯಲ್ಲ, ಕಳೆದದ್ದು ಕಳೆಯಿತೆಂದು ತಿಳಿದುಕೊಂಡ ಹೆಂಗಸು.

ಚಿತ್ರರಂಗ ಇವರನ್ನು ಹೇಗೆ ನಡೆಸಿಕೊಂಡಿತು? 'ದ ಫಿಲಡೆಲ್ಫಿಯಾ ಸ್ಟೋರಿ', 'ಮೈ ಸಿಸ್ಟರ್ ಐಲೀನ್' ನಾಟಕಗಳಲ್ಲಿ ಅವರು ಆಡಿದ ಪಾತ್ರಗಳು ಸಿನಿಮಾದಲ್ಲಿ ಬೇರೆಯವರ ಪಾಲಾದವು. ಮತ್ತೊಂದು ಟೋನಿ ತಂದುಕೊಟ್ಟ 'ದ ಟೈಮ್ ಆಫ್ ದ ಕುಕೂ' 1955ರಲ್ಲಿ 'ಸಮರ್‌ಟೈಮ್' ಚಿತ್ರವಾದಾಗ ನಾಯಕಿಯಾದದ್ದು ಕ್ಯಾಥರೀನ್ ಹೆಪ್‌ಬರ್ನ್. ಬೂತ್‌ರದು ಒಟ್ಟು ಐದೇ ಚಿತ್ರಗಳು. ಮುಂದೆ 1961ರಿಂದ 1966ರವರೆಗೆ ಟಿ.ವಿ.ಯಲ್ಲಿ ಹೇಜಲ್ ಎಂಬ ಮನೆಗೆಲಸದವಳಾಗಿ ಮನೆಮಾತಾದರು, ಎರಡು ಎಮ್ಮಿ ಪ್ರಶಸ್ತಿ ಪಡೆದರು. 1992ರಲ್ಲಿ, 94ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಹೆಣ್ಣಿನ ಪ್ರಾಯವನ್ನೇ ಲೆಕ್ಕ ಹಾಕುವ ಆ ಲೋಕದಲ್ಲಿ ಅವರು ಹುಟ್ಟಿದ ವರ್ಷ 1907 ಎಂದೇ ಹೇಳಿಕೊಂಡು ಬಂದರು. ಆದರೆ ತೆರೆಯ ಮೇಲೆ ಕೆದರಿದ ಕೂದಲು, ದಣಿದ ಮುಖ, ಜಡವಾದ ಮೈ, ಯಾವುದನ್ನೂ ಮುಚ್ಚಿಡಲಿಲ್ಲ. ನನ್ನ ಮಟ್ಟಿಗೆ ಅವರ ದೊಡ್ಡತನ ಅದೇ.