ಏಳರ ನಡೆ

ಇಂದಿರಾನಗರದ ಪುರಂದರ ಭವನದಲ್ಲಿ ಕಚೇರಿ ಕೇಳಲು ಕುಳಿತಾಗಲೆಲ್ಲ ನನಗೊಂದು ಅಳುಕಿತ್ತು. ಆದಿತಾಳವಾದರೆ ನನ್ನ ಕೈಯೂ ಅಕ್ಕಪಕ್ಕದವರ ಕೈಯ ಜೊತೆಗೇ ತೊಡೆಯ ಮೇಲೆ ಬೀಳುತ್ತಿತ್ತು. ಮಿಶ್ರಛಾಪು ಬಂತೆಂದರೆ ಕೈಯನ್ನು ಮೆಲ್ಲನೆ ಸೆರಗಿನೊಳಗೆ ಸರಿಸಿಕೊಳ್ಳುತ್ತಿದ್ದೆ. ಒಂದರಿಂದ ಏಳರವರೆಗೆ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಎರಡನೆಯ ಆವರ್ತ ಮುಗಿಯುವಷ್ಟರಲ್ಲಿ ಹಾಡು ಒಂದು ಕಡೆ, ನಾನು ಒಂದು ಕಡೆ.

ತಪ್ಪು ಲೆಕ್ಕದ್ದಲ್ಲ, ಎಣಿಸುವ ರೀತಿಯದು. ಏಳು ಅಕ್ಷರಗಳಿಗೂ ಒಂದೇ ತೂಕ ಕೊಟ್ಟರೆ ತಾಳ ಕೈಗೆ ಸಿಕ್ಕುವುದಿಲ್ಲ. ಮಿಶ್ರಛಾಪು ಎಂದರೆ ಮೂರು ಮತ್ತು ನಾಲ್ಕು: ತಕಿಟ, ತಕಧಿಮಿ. ಖಂಡಛಾಪು ಎರಡು ಮತ್ತು ಮೂರು: ತಕ, ತಕಿಟ. ಅಮೆರಿಕದ ಡೇವ್ ಬ್ರೂಬೆಕ್ ತಂಡ 1959ರಲ್ಲಿ ನುಡಿಸಿದ ‘ಟೇಕ್ ಫೈವ್’ ಕೂಡ ಐದರದೇ. ಆದರೆ ಅಲ್ಲಿ ಮೂರು ಮೊದಲು, ಎರಡು ಆಮೇಲೆ. ಮೊತ್ತ ಒಂದೇ, ನಡಿಗೆ ಬೇರೆ.

ಇದು ನನಗೆ ಹೊಳೆದದ್ದು ಸಂಗೀತದ ಪುಸ್ತಕದಿಂದಲ್ಲ, ನಾನೇ ಶಿಕ್ಷಿಸಿದ ಹುಡುಗನೊಬ್ಬನಿಂದ.

ನಾನು ಕನ್ನಡದ ಅಧ್ಯಾಪಕಿ. ಹಲಸೂರಿನ ಕಡೆಯ ಶಾಲೆಯೊಂದರಲ್ಲಿ ವರ್ಷವರ್ಷವೂ ಛಂದಸ್ಸಿನ ಪಾಠ ಮಾಡಿದವಳು. ಭಾಮಿನಿ ಷಟ್ಪದಿಯ 1, 2, 4, 5ನೆಯ ಸಾಲುಗಳಲ್ಲಿ 14 ಮಾತ್ರೆ, ಮೂರು-ನಾಲ್ಕರ ಗಣ ಎರಡು ಸಲ. 3 ಮತ್ತು 6ನೆಯ ಸಾಲುಗಳಲ್ಲಿ ಅದೇ ಜೋಡಿ ಮೂರು ಸಲ, ಕೊನೆಗೊಂದು ಗುರು. ಲಘು-ಗುರು ಗುರುತು ಹಾಕು, ಗಣ ವಿಂಗಡಿಸು, ಅಂಕ ತೆಗೆದುಕೋ. ಪದ್ಯವನ್ನು ಕಿವಿಗೆ ಬೀಳಿಸದೆ ಕಣ್ಣಿನಲ್ಲೇ ಅಳೆಯುವ ವಿದ್ಯೆ ನಾನು ಕಲಿಸಿದ್ದು.

ಒಂದು ದಿನ ಕುಮಾರವ್ಯಾಸನ ಪದ್ಯ ಓದುತ್ತಿದ್ದೆ. ಹಿಂದಿನ ಬೆಂಚಿನಿಂದ ಟಕಟಕ ಸದ್ದು. ಓಲಗದಲ್ಲಿ ಡೋಲು ಬಾರಿಸುವವರ ಮಗ, ಮನೆಮಾತು ತಮಿಳು.

“ಏನೋ ಅದು?” ಎಂದು ಗದರಿದೆ.

“ನೀವು ಓದ್ತಿರೋದನ್ನೇ ಮಿಸ್, ಬಾರಿಸ್ತಿದ್ದೆ” ಎಂದ.

ಅಧಿಕಪ್ರಸಂಗವೆಂದು ಹೊರಗೆ ನಿಲ್ಲಿಸಿದೆ. ಆ ಸಲದ ಪರೀಕ್ಷೆಯಲ್ಲಿ ಪ್ರಸ್ತಾರಕ್ಕೆ ಅವನಿಗೆ ನಾನು ಕೊಟ್ಟದ್ದು ಸೊನ್ನೆ.

ಎಷ್ಟೋ ವರ್ಷಗಳ ಮೇಲೆ ಕಚೇರಿಯೊಂದರಲ್ಲಿ ಮೃದಂಗ ತಕಿಟ ತಕಧಿಮಿ ಎನ್ನುತ್ತಿದ್ದಾಗ ಆ ಬೆಂಚಿನ ಸದ್ದು ತಟ್ಟನೆ ನೆನಪಾಯಿತು. ಹುಡುಗ ಬಾರಿಸಿದ್ದು ಅದನ್ನೇ! ಭಾಮಿನಿಗೂ ಮಿಶ್ರಛಾಪಿಗೂ ಒಂದೇ ಹೆಜ್ಜೆ. ಐದೈದು ಮಾತ್ರೆಗಳ ಗಣದ ವಾರ್ಧಕ ಷಟ್ಪದಿಯಲ್ಲಿ ಲಕ್ಷ್ಮೀಶ ‘ಜೈಮಿನಿ ಭಾರತ’ವನ್ನು ನಡೆಸಿದ್ದೂ ಖಂಡದ ನಡೆಯಲ್ಲೇ. ಗಮಕಿಗಳು ತಾಳ ಹಾಕದೆ ಓದುತ್ತಾರೆ, ನಿಜ. ಆದರೂ ಆ ಕುಲುಕು ಪದಗಳೊಳಗೇ ಇರುತ್ತದೆ.

ನನ್ನ ಆಕ್ಷೇಪ ಇಷ್ಟೇ. ಸಂಗೀತ ಕಲಿಯುವ ಮಗು ಅಲಂಕಾರಗಳಲ್ಲಿ ತಿಶ್ರಜಾತಿ ತ್ರಿಪುಟವನ್ನು ಮೂರು, ಎರಡು, ಎರಡು ಎಂದು ಏಳಾಗಿ ಹಾಕುತ್ತದೆ. ಅದೇ ಮಗು ಕನ್ನಡ ತರಗತಿಯಲ್ಲಿ ಏಳು ಮಾತ್ರೆಗಳಿಗೆ ಗೆರೆ ಎಳೆಯುತ್ತದೆ. ಎರಡೂ ಒಂದೇ ಎಂದು ಯಾರೂ ಹೇಳುವುದಿಲ್ಲ. ಅಲ್ಲಿ ಮಾತನ್ನು ಬಿಟ್ಟೆವು, ಇಲ್ಲಿ ಕೈಯನ್ನು ಬಿಟ್ಟೆವು. ಆಮೇಲೆ ಒಂದನ್ನು ಕಷ್ಟದ ತಾಳವೆಂದೂ ಇನ್ನೊಂದನ್ನು ಒಣ ವ್ಯಾಕರಣವೆಂದೂ ದೂರುತ್ತೇವೆ.

ಈಗ ನನ್ನ ತರಗತಿಯಲ್ಲಿ ಪ್ರಸ್ತಾರಕ್ಕೆ ಮೊದಲು ಎಲ್ಲರೂ ಬೆಂಚು ಬಾರಿಸುತ್ತಾರೆ. ಪಕ್ಕದ ತರಗತಿಯವರು ಗಲಾಟೆ ಎಂದು ದೂರುತ್ತಾರೆ. ಆ ಹುಡುಗ ಈಗ ಎಲ್ಲಿದ್ದಾನೋ. ಸೊನ್ನೆಯನ್ನು ತಿದ್ದೋಣವೆಂದರೆ ಅವನ ಉತ್ತರಪತ್ರಿಕೆ ನನ್ನ ಬಳಿ ಇಲ್ಲ.